ಬಜ್ಜಿ ಎಣ್ಣೆಗೆ ನಿವೃತ್ತಿ ಕೊಡಿ

ಬೆಳುಗುಪ್ಪದ ಸೀಮೆಯಲ್ಲಿ ಶೇಂಗಾ ಬಿಟ್ಟು ಮಾತಿಲ್ಲ. ಹೊಲದಲ್ಲೂ ಶೇಂಗಾ, ಚಟ್ನಿಯಲ್ಲೂ ಶೇಂಗಾ, ಬಾಣಲೆಯಲ್ಲಿ ಅದರದೇ ಎಣ್ಣೆ. ಬೆಳಿಗ್ಗೆ ಪೂರಿ ಕರಿದ ಎಣ್ಣೆಯಲ್ಲೇ ಸಂಜೆ ಮಿರ್ಚಿ, ಮರುದಿನ ಅದರಲ್ಲೇ ವಡೆ. ನೌಕರರಿಗೆ ನಿವೃತ್ತಿಯುಂಟು, ಎಣ್ಣೆಗಿಲ್ಲ!

ಸರ್ಕಾರ ಅದಕ್ಕೂ ಗಡುವು ಹಾಕಿದೆ. ಎಣ್ಣೆ ಕಾದು ಕಾದು ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈಯಲ್ಲಿ ಜಾರಿಗೆ ಬಂತು. ಅಂಥ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸುವ ‘ರೂಕೋ’ ಯೋಜನೆ ಆಗಸ್ಟ್‌ನಲ್ಲಿ ಶುರುವಾಯಿತು. ಹೊಸ ಮಾತೇನಲ್ಲ ಬಿಡಿ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನೊಂದು ಶೇಂಗಾ ಎಣ್ಣೆ ಕುಡಿದು ಓಡಿತ್ತು. ಬಜ್ಜಿ ಕೇಳಲಿಲ್ಲ ಅಷ್ಟೆ.

“ಹಾಗಾದರೆ ಮನೆಯಲ್ಲೇ ಮಾಡೋಣ” ಎನ್ನುವ ಉತ್ಸಾಹಿಗಳು ಇದ್ದೇ ಇರುತ್ತಾರೆ. ವಿಧಾನ ಕೇಳಲು ಸಾರು ಮಾಡಿದಷ್ಟೇ ಸುಲಭ: ಎಣ್ಣೆ ಸೋಸಿ, ನೀರಿನಂಶ ಹೋಗುವಂತೆ ಕಾಯಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಬೆರೆಸಿ ಕಲಕಬೇಕು. ಗ್ಲಿಸರಿನ್ ತಳಕ್ಕಿಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ನೀರು ಉಳಿದಿದ್ದರೆ ಮಾತ್ರ ಡೀಸೆಲ್ ಬದಲು ಸೋಪು ಸಿಗುತ್ತದೆ; ಗಾಡಿ ಓಡದು, ತೊಳೆಯಬಹುದು!

ತಮಾಷೆ ಇಲ್ಲಿಗೆ ಸಾಕು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣೇ ಹೋದೀತು, ಅದರ ಆವಿಗೆ ಕಿಡಿ ತಾಗಿದರೆ ಮನೆಯೇ ಹೋದೀತು. ಡೀಸೆಲ್ ಮಾಡುವ ಕೆಲಸ ಕಾರ್ಖಾನೆಗಿರಲಿ. ಕರಿದ ಎಣ್ಣೆಯನ್ನು ಮತ್ತೆ ಒಲೆಗೇರಿಸದಿರುವುದಷ್ಟೇ ನಮ್ಮ ಕೆಲಸ.