ಸನ್ಮಾನ್ಯ ಗ್ಯಾಸ್ ಮಾತ್ರೆಯವರಿಗೆ

ಸನ್ಮಾನ್ಯರೇ,

ದೊಡ್ಡಬಳ್ಳಾಪುರದ ಪವರ್‌ಲೂಮ್ ಸದ್ದಿನ ಮಧ್ಯೆ ಕೂತು ಬರೆಯುತ್ತಿದ್ದೇನೆ. ದಿನವಿಡೀ ಮಗ್ಗದ ಮುಂದೆ ನಿಂತವರು ಮೆಡಿಕಲ್‌ನ ಅಣ್ಣನಿಗೆ ಹೆಚ್ಚು ವಿವರಿಸಬೇಕಾಗಿಲ್ಲ. "ಮೈಕೈ ನೋವು" ಅಂದರೆ ಸಾಕು, ಕತ್ತರಿ ಕಚಕ್ ಅನ್ನುತ್ತದೆ, ಕವರಿನೊಳಗೆ ಬಣ್ಣಬಣ್ಣದ ಮಾತ್ರೆಗಳು ಬೀಳುತ್ತವೆ. ಕೊನೆಯಲ್ಲಿ ತಮ್ಮ ಆಗಮನ. "ಗ್ಯಾಸ್ದೂ ಹಾಕಿದೀನಿ, ಏನೂ ಆಗಲ್ಲ!"

ಈ "ಏನೂ ಆಗಲ್ಲ" ಖಾತೆಗೆ ತಮ್ಮನ್ನು ಮಂತ್ರಿ ಮಾಡಿದವರು ಯಾರು ಸ್ವಾಮಿ?

ತಮ್ಮ ಯೋಗ್ಯತೆ ಬಗ್ಗೆ ತಕರಾರಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನೇ ಕುಗ್ಗಿಸುತ್ತವೆ; ಹುಣ್ಣಾಗಬಹುದು, ರಕ್ತ ಒಸರಬಹುದು. ತಾವು ಆಮ್ಲ ತಗ್ಗಿಸಿ ಆ ಅಪಾಯ ಕಡಿಮೆ ಮಾಡುತ್ತೀರಿ. ಡಾಕ್ಟರೇ ಎಷ್ಟೋ ಸಲ ಇಬ್ಬರನ್ನೂ ಒಂದೇ ಚೀಟಿಯಲ್ಲಿ ಬರೆಯುತ್ತಾರೆ. ಆದರೆ ತಾವು ಹೊಟ್ಟೆಯ ಬಾಗಿಲಿಗೆ ನಿಂತ ವಾಚ್‌ಮ್ಯಾನ್. ಹಿತ್ತಿಲ ಕಡೆ ಕಿಡ್ನಿ ಇದೆ, ಅಲ್ಲಿ ತಮ್ಮ ಡ್ಯೂಟಿ ಇಲ್ಲ.

ನೋವಿನ ಔಷಧ ಕಿಡ್ನಿಗೆ ಏನು ಮಾಡಬಲ್ಲದೆಂದು ರಣಹದ್ದುಗಳನ್ನು ಕೇಳಿ. ದನಗಳಿಗೆ ಚುಚ್ಚಿದ ಡೈಕ್ಲೋಫೆನಾಕ್ ಹೆಣದ ಮಾಂಸದಲ್ಲಿ ಸೇರಿ, ತಿಂದ ಹದ್ದುಗಳ ಕಿಡ್ನಿ ಕೆಟ್ಟು ದೇಶದ ತುಂಬ ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧ ಬೇಡವೆಂದಿತು ಸರ್ಕಾರ. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವೂ ಆಯಿತು. ಹದ್ದಿಗೆ ಅಭಯಧಾಮ, ನಮಗೆ ಅಭಯವಚನ! ನಮ್ಮ ಕಿಡ್ನಿ ಹದ್ದಿನದಷ್ಟು ನಾಜೂಕಲ್ಲ, ಒಪ್ಪಿದೆ. ಆದರೆ ಕೆಲವು ಬಗೆಯ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮೇಲೊಂದು ನೋವಿನ ಮಾತ್ರೆಯನ್ನೂ ಹಾಕಿಕೊಂಡರೆ ಮೂರೂ ಸೇರಿ ಆ ಕಿಡ್ನಿಯನ್ನೇ ಹಿಂಡುತ್ತವೆ.

ಹೊಸಕೋಟೆಯಲ್ಲಿ ಕೋಳಿ ಕೂಗುವ ಮೊದಲೇ ಕ್ಯೂ ನಿಂತು ದಮ್ ಬಿರಿಯಾನಿ ಬಾರಿಸುವವರಿಗೆ ತಾವು ನೆನಪಾಗುವುದು ಕೈ ತೊಳೆದ ಮೇಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಳಗೆ ಹೋದರಷ್ಟೇ ತಮ್ಮ ಕೆಲಸ ಚೆನ್ನ ಎಂದು ಅವರಿಗೆ ಯಾರೂ ಹೇಳಿಲ್ಲ. ಉರಿ ತಾಳದೆ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಕುಡಿದು, ಅದರ ಬೆನ್ನಿಗೇ ಡೈಕ್ಲೋಫೆನಾಕ್ ನುಂಗುವ ಶೂರರೂ ಇದ್ದಾರೆ. ಕರುಳಿಗೆ ಹೋಗಿ ಕರಗಲೆಂದು ಆ ಮಾತ್ರೆಗೆ ತೊಡಿಸಿದ ಕವಚ ಸಿರಪ್ಪಿನ ದೆಸೆಯಿಂದ ಹೊಟ್ಟೆಯಲ್ಲೇ ಕಳಚಬಹುದು. ಅಸೆಕ್ಲೋಫೆನಾಕ್ ಜೋಡಿ ಮಾತ್ರೆಯಲ್ಲಿ ಆಗಲೇ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದ್ದರೂ, ಸಾಲದೆಂದು ಮೇಲೊಂದು 650!

ಕೊನೆಯದಾಗಿ, ಸ್ವಂತದ್ದೊಂದು ಅಹವಾಲು. ನೆಲಮಂಗಲದ ನಮ್ಮ ಭಾವನಿಗೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ನಡೆಯುತ್ತಿದೆ. ತಾವು ಒಮೆಪ್ರಜೋಲ್ ಆಗಿದ್ದರೆ ಅದರ ಕಸುವು ಕುಂದುತ್ತದೆ. ಪ್ಯಾಂಟೊಪ್ರಜೋಲ್ ಆಗಿದ್ದರೆ ಅಷ್ಟು ತೊಂದರೆಯಿಲ್ಲ. ಕವರ್ ಬಿಚ್ಚಿ ನೋಡಿದೆವು. ತಮ್ಮ ಬೆನ್ನ ಮೇಲೆ ಉಳಿದಿರುವುದು "ಜೋಲ್" ಮಾತ್ರ. ಮಿಕ್ಕ ಹೆಸರು, ಎಕ್ಸ್‌ಪೈರಿ ತಾರೀಕು, ಡಾಕ್ಟರ ಚೀಟಿ ಬೇಕೆನ್ನುವ ಕೆಂಪು ಗೆರೆ ಎಲ್ಲವೂ ಕತ್ತರಿಯ ಆ ಕಡೆಗೇ ಉಳಿದಿವೆ. ಭಾವ ನೀರಿನ ಲೋಟ ಹಿಡಿದು ಕೂತಿದ್ದಾರೆ. ತಾವು ಯಾರೆಂದು ಬೇಗ ತಿಳಿಸಿ.

ಇಂತಿ ತಮ್ಮ ವಿಧೇಯ,
ಒಬ್ಬ ನೇಕಾರ