ಲಿನಕ್ಸ್ ಭಾವನ ಲಕ್ಷಣಗಳು

ಮೈಸೂರು, ಬೆಂಗಳೂರುಗಳ ಮಧ್ಯಮವರ್ಗದ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಲಿನಕ್ಸ್ ಭಾವನನ್ನು ಕಂಪ್ಯೂಟರ್ ರಿಪೇರಿಯವನೊಡನೆ ಸಮೀಕರಿಸುವುದು ಶಾಸ್ತ್ರೀಯವಾಗಿ ತಪ್ಪು. ಏಕೆಂದರೆ ರಿಪೇರಿಯವನು ಹಣ ಪಡೆದು ಹೊರಟುಹೋಗುತ್ತಾನೆ, ಭಾವನವರು ಹಣ ಪಡೆಯುವುದಿಲ್ಲ, ಹೊರಡುವುದೂ ಇಲ್ಲ. ಲಿನಕ್ಸ್ ಎಂಬುದು ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ, ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದಾದ, ಕಂಪ್ಯೂಟರನ್ನು ಒಳಗಿನಿಂದ ನಡೆಸುವ ತಂತ್ರಾಂಶದ ತಿರುಳು. ಮಾವನ ಮನೆಯ ಹಳೆಯ ಕಂಪ್ಯೂಟರು ನಿಧಾನವಾಗಿದೆಯೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮುಂದಿನ ಹಬ್ಬಕ್ಕೆ ಭಾವನವರು ಪೆನ್‌ಡ್ರೈವ್ ಸಹಿತ ಆಗಮಿಸುತ್ತಾರೆ. ಮನೆಯ ಅಳಿಯನಿಗೆ ಬೇಡವೆನ್ನುವ ಸಂಪ್ರದಾಯ ಇನ್ನೂ ಬೆಳೆದಿಲ್ಲವಾದ್ದರಿಂದ ಕಾಫಿಯೂ ಹಿಂದೆಯೇ ಬರುತ್ತದೆ.

ಅವರ ಸಣ್ಣಪುಟ್ಟ ಲಕ್ಷಣಗಳನ್ನು ಬೇಗ ಮುಗಿಸಬಹುದು. ಅವರು ಮೌಸನ್ನು ಮುಟ್ಟುವುದು ಕಡಿಮೆ, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಕುಟ್ಟುವುದೇ ಹೆಚ್ಚು. ಯಾವ ಯಂತ್ರವನ್ನೂ ಅವರು ಹಾಳಾಗಿದೆಯೆನ್ನುವುದಿಲ್ಲ, ‘ಇಂಟರೆಸ್ಟಿಂಗ್ ಆಗಿದೆ’ ಎನ್ನುತ್ತಾರೆ, ಮತ್ತು ಆ ಮಾತು ಕೇಳಿದೊಡನೆ ಅವರ ಪತ್ನಿ ತಾನು ತಂದಿರುವ ಕಾದಂಬರಿಯನ್ನು ಚೀಲದಿಂದ ತೆಗೆಯುತ್ತಾಳೆ.

ಅವರ ಪ್ರತಿಭೆ ಪೂರ್ಣವಾಗಿ ಅರಳುವುದು ರೆಸಲ್ಯೂಷನ್ ಕೆಟ್ಟಾಗ. ಪರದೆಯ ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಚುಕ್ಕಿಗಳಿಂದ ಚಿತ್ರ ಮೂಡಬೇಕೆಂಬ ಲೆಕ್ಕವೇ ರೆಸಲ್ಯೂಷನ್. 1920×1080 ಚುಕ್ಕಿಗಳ ಪರದೆಯ ಮೇಲೆ ಲಿನಕ್ಸ್ 1024×768ಕ್ಕಿಂತ ಮೇಲೇರಲು ಒಪ್ಪದೆ ಹಟ ಹಿಡಿದಾಗ, ಚಿತ್ರವು ಎತ್ತರಕ್ಕಿಂತ ಅಗಲಕ್ಕೆ ಮೂರನೆಯ ಒಂದು ಪಾಲು ಹೆಚ್ಚಾಗಿ ಹಿಗ್ಗುತ್ತದೆ. ಕನ್ನಡದ ದುಂಡಕ್ಷರಗಳು ದೀರ್ಘವೃತ್ತಗಳಾಗಿ, ಒತ್ತಕ್ಷರಗಳು ಮಸಿಯ ಕಲೆಗಳಾಗಿ, ಮದುವೆಯ ಫೋಟೋದಲ್ಲಿರುವ ಬಂಧುಗಳೆಲ್ಲ ಇನ್ನಷ್ಟು ಪುಷ್ಟರಾಗಿ ಕಾಣುತ್ತಾರೆ. ಇದಕ್ಕೆ ಕಾರಣ ಬಹುಮಟ್ಟಿಗೆ ಸರಳವಾದುದು. ಪ್ರತಿಯೊಂದು ಮಾನಿಟರು ತನ್ನ ಅಳತೆ, ಸಾಮರ್ಥ್ಯಗಳನ್ನು ಇಡಿಐಡಿ ಎಂಬ ಕನಿಷ್ಠ 128 ಬೈಟ್‌ಗಳ ಪುಟ್ಟ ಜಾತಕದಲ್ಲಿ ಇಟ್ಟುಕೊಂಡಿದ್ದು, ಕಂಪ್ಯೂಟರು ಕೇಳಿದಾಗ ಅದನ್ನು ಒಪ್ಪಿಸುತ್ತದೆ. 15 ಪಿನ್ನುಗಳ ಹಳೆಯ ವಿಜಿಎ ಕೇಬಲ್‌ನಲ್ಲಿ ಈ ಮಾತುಕತೆಗೆಂದು ಪ್ರತ್ಯೇಕ ತಂತಿಗಳಿವೆ. ಅಗ್ಗದ ಕೇಬಲ್‌ನಲ್ಲಿ ಆ ತಂತಿಗಳು ಇಲ್ಲದಿದ್ದರೆ ಅಥವಾ ತುಂಡಾಗಿದ್ದರೆ ಜಾತಕ ಕೈಸೇರುವುದಿಲ್ಲ, ಲಿನಕ್ಸ್ ಎಲ್ಲರಿಗೂ ಒಗ್ಗುವ 1024×768ರಲ್ಲಿಯೇ ಉಳಿದುಬಿಡುತ್ತದೆ.

ಇದೆಲ್ಲ ಭಾವನವರಿಗೆ ಮೊದಲ ಕಾಫಿ ಮುಗಿಯುವ ಮುನ್ನವೇ ತಿಳಿದಿರುತ್ತದೆ. ಒಳ್ಳೆಯ ಕೇಬಲ್ ಅವರ ಚೀಲದಲ್ಲಿಯೇ ಇರುತ್ತದೆಂಬುದು ಇಡೀ ಪ್ರಕರಣದ ಅತ್ಯಂತ ಅಸಹನೀಯ ಸಂಗತಿ. ಆದರೆ ಕೇಬಲ್ ಬದಲಾಯಿಸಿದರೆ ಪರದೆ ಸರಿಹೋಗುತ್ತದೆಯೇ ಹೊರತು ಮನೆಯವರ ಅಜ್ಞಾನ ನೀಗುವುದಿಲ್ಲವೆಂಬುದು ಅವರ ಸಿದ್ಧಾಂತ. ಆದ್ದರಿಂದ ಅವರು ಸಿವಿಟಿ ಎಂಬ ಆಜ್ಞೆಯಿಂದ ಮೋಡ್‌ಲೈನ್ ಹುಟ್ಟಿಸುತ್ತಾರೆ. ಮೋಡ್‌ಲೈನ್ ಎಂದರೆ ಪರದೆಯ ಚುಕ್ಕಿಗಳು ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ಬೆಳಗಬೇಕೆಂದು ಹೇಳುವ ಅಂಕಿಗಳ ಸಾಲು. ಅದರಲ್ಲಿ ಕಾಣುವುದು 1920 ಚುಕ್ಕಿಗಳೇ ಆದರೂ ಲೆಕ್ಕ 2576ರವರೆಗೆ ಏಕೆ ಹೋಗುತ್ತದೆಂದು ಯಾರೂ ಕೇಳದಿದ್ದರೂ ಅವರು ವಿವರಿಸುತ್ತಾರೆ: ಹಳೆಯ ಡಬ್ಬಿ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣವು ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಆರಂಭಕ್ಕೆ ಮರಳಲು ಬೇಕಾಗಿದ್ದ ಬಿಡುವು ಅದು, ಕಿರಣವೇ ಇಲ್ಲದ ಇಂದಿನ ಚಪ್ಪಟೆ ಪರದೆಯಲ್ಲಿಯೂ ಆ ಬಿಡುವಿನ ಪದ್ಧತಿ ಉಳಿದುಬಂದಿದೆ. ಬಳಿಕ ಎಕ್ಸ್‌ರ‍್ಯಾಂಡರ್ ಎಂಬ ಇನ್ನೊಂದು ಆಜ್ಞೆ ಆ ಸಾಲನ್ನು ಜಾರಿಗೆ ತರುತ್ತದೆ, ಪರದೆ ಕ್ಷಣಕಾಲ ಕಪ್ಪಾಗಿ ಸರಿಹೋಗುತ್ತದೆ, ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಾಗ ಎಲ್ಲವೂ ಮೊದಲಿನಂತೆಯೇ ಇರುತ್ತದೆ, ಏಕೆಂದರೆ ಆ ಆಜ್ಞೆಗೆ ನೆನಪಿಲ್ಲ, ಅದನ್ನು ಬೇರೊಂದು ಕಡತದಲ್ಲಿ ಬರೆದಿಡಬೇಕು. ಎರಡನೆಯ ದಿನ ಆರಂಭವಾಗುವುದು ಇಲ್ಲಿಂದ.

ಇಂಥ ಮನೆಗಳಲ್ಲಿ ಒಬ್ಬ ಭಾವಮೈದುನನೂ ಇರುವುದುಂಟು. ಮೇಜಿನಡಿ ಟಾರ್ಚು ಹಿಡಿದು ಕೂರುವುದಕ್ಕಷ್ಟೇ ಅವನ ಪಾತ್ರ ಸೀಮಿತವಾಗಿದ್ದರೂ, ಮುಂದೊಂದು ದಿನ ಈ ವಿಷಯವಾಗಿ ಗಂಭೀರ ಪ್ರಬಂಧ ಬರೆಯುವ ಅಧಿಕಾರ ತನಗಿದೆಯೆಂದು ಅವನು ನಂಬಿರುತ್ತಾನೆ.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ಉಳಿದವರೆಲ್ಲ ಗುಜರಿಗೆ ಹಾಕಿ ಹೊಸದನ್ನು ತರೋಣವೆಂದ ಆ ಯಂತ್ರದಲ್ಲಿ ನಿವೃತ್ತ ಮಾವನವರು ಇಂದಿಗೂ ಪತ್ರಿಕೆ ಓದುತ್ತಿದ್ದರೆ ಅದಕ್ಕೆ ಭಾವನವರೇ ಕಾರಣ. ಮುದುಕರ ಪ್ರಶ್ನೆಗೆ, ಹತ್ತನೆಯ ಸಲ ಕೇಳಿದರೂ, ಮೊದಲ ಸಲದಷ್ಟೇ ಉತ್ಸಾಹದಿಂದ ಉತ್ತರಿಸುವವರು ಆ ಮನೆಗೆ ಬರುವವರಲ್ಲಿ ಬೇರೆ ಯಾರೂ ಇಲ್ಲ.

ಕೊನೆಗೆ ಪಾಠಗಳೆಲ್ಲ ಮುಗಿದ ಮೇಲೆ ಚೀಲದಿಂದ ಕೇಬಲ್ ಹೊರಬರುತ್ತದೆ, ಪರದೆ ಪೂರ್ಣ 1920×1080ರಲ್ಲಿ ಬೆಳಗುತ್ತದೆ, ಅಕ್ಷರಗಳು ಚೂಪಾಗಿ, ಅಷ್ಟೇ ಸಣ್ಣದಾಗಿ ನಿಲ್ಲುತ್ತವೆ. ಮಾವನವರು ಕನ್ನಡಕ ಸರಿಪಡಿಸಿಕೊಂಡು, “ಅಳಿಯಂದ್ರೇ, ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತಿದೆ, ಮೊದಲು ಹೇಗಿತ್ತೋ ಹಾಗೇ ಮಾಡಿಬಿಡಿ” ಎನ್ನುತ್ತಾರೆ. ಭಾವನವರು ಆಗಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿರುತ್ತಾರೆ. ಚುಕ್ಕಿಗಳನ್ನು ಕಡಿಮೆ ಮಾಡದೆ ಅಕ್ಷರಗಳನ್ನಷ್ಟೇ ಹಿಗ್ಗಿಸುವ ಸ್ಕೇಲಿಂಗ್ ಎಂಬ ಏರ್ಪಾಡು 1984ರಲ್ಲಿ ಹುಟ್ಟಿದ ಎಕ್ಸ್ ವ್ಯವಸ್ಥೆಯಲ್ಲಿ ಒಂದು ಬಗೆ, ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಇನ್ನೊಂದು ಬಗೆ. ಎರಡನ್ನೂ ಹೋಲಿಸಿ ತೋರಿಸದೆ ಬೆಳಗಿನ ಬಸ್ಸು ಹತ್ತುವುದು ಅವರ ಜಾಯಮಾನದಲ್ಲಿಲ್ಲ.