ಆರ್‌ವಿ ಭಾವನವರ ಅರಣ್ಯಕಾಂಡ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹತ್ತು ಕನ್ನಡಿಗರ ಮನೆಗಳಿರುವ ಕಡೆ ಒಬ್ಬರು ಆರ್‌ವಿ ಭಾವ ಇದ್ದೇ ಇರುತ್ತಾರೆ. ಯಾರ ಭಾವ ಎಂದು ಕೇಳಬೇಡಿ. ಯಾವುದೋ ಅಕ್ಕನ ಗಂಡ. ಅವರ ಜೊತೆ ಒಂದು ಸಲ ಕಾಡಿಗೆ ಹೋಗಿಬಂದವರೆಲ್ಲ ಆ ಅಕ್ಕನ ತಮ್ಮ-ತಂಗಿಯರಾಗಿ, ಅವಳ ಕಷ್ಟಸುಖ ವಿಚಾರಿಸುವ ಹಕ್ಕು ಪಡೆಯುತ್ತಾರೆ. ಊರಿನಲ್ಲಿದ್ದಾಗ ಭಾವ ಕಾಡು ಕಂಡದ್ದು ಊಟಿ ಬಸ್ಸಿನ ಕಿಟಕಿಯಿಂದ, ಅದೂ ಬಂಡೀಪುರ ಬಂತೆಂದು ಪಕ್ಕದವರು ಎಬ್ಬಿಸಿದ್ದರಿಂದ. ಈಗ ಅವರ ಅಪ್ಪಣೆಯಿಲ್ಲದೆ ನಮ್ಮಲ್ಲಿ ಯಾರೂ ಅಮೆರಿಕದ ನ್ಯಾಷನಲ್ ಪಾರ್ಕುಗಳಿಗೆ ಕಾಲಿಡುವಂತಿಲ್ಲ.

ಆರ್‌ವಿ ಎಂದರೆ ಮಂಚ, ಒಲೆ, ಫ್ರಿಜ್, ಕಕ್ಕಸು ಎಲ್ಲವೂ ಇರುವ, ಚಕ್ರದ ಮೇಲಿನ ಮನೆ. ಭಾವನ ಹತ್ತಿರ ಸ್ವಂತದ್ದಿಲ್ಲ; ಅಂಥದ್ದನ್ನು ಮನೆ ಮುಂದೆ ನಿಲ್ಲಿಸಲು ಬಡಾವಣೆಯ ಸಂಘದವರು ಬಿಡುವುದಿಲ್ಲ. ಬಾಡಿಗೆಗೆ ತರುತ್ತಾರೆ. ಬಾಡಿಗೆ ಕೊಡುವವನು ಕೀಲಿ ಕೈಗಿಟ್ಟು ‘ಎಂಜಾಯ್’ ಅನ್ನುವಷ್ಟರಲ್ಲಿ ಭಾವ ಟೇಪು ಹಿಡಿದು ವಾಹನದ ಅಡಿಗೆ ಮಲಗಿರುತ್ತಾರೆ. ಕಾಗದದಲ್ಲಿ ಇಪ್ಪತ್ತೆಂಟು ಅಡಿ ಎಂದು ಬರೆದಿದ್ದರೆ ಸಾಲದು, ಅವರ ಟೇಪೂ ಒಪ್ಪಬೇಕು. ‘ಗ್ಲೇಸಿಯರ್ ಪಾರ್ಕಿನಲ್ಲಿ ಗೋಯಿಂಗ್-ಟು-ದ-ಸನ್ ರಸ್ತೆ ಇದೆಯಲ್ಲ, ಅದರ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡಲ್ಲ. ಬಂಪರ್ ಸೇರಿ 21. ಅಗಲ 8 ಅಡಿ, ಕನ್ನಡಿ ಸೇರಿ’ ಎನ್ನುತ್ತಾರೆ. ನಾವು ಹೊರಟಿರುವುದು ಗ್ಲೇಸಿಯರ್‌ಗಲ್ಲ, ಯೊಸೆಮಿಟಿಗೆ. ಅದರಿಂದ ಭಾವನಿಗೆ ಏನೂ ವ್ಯತ್ಯಾಸವಿಲ್ಲ.

ಪ್ರವಾಸ ಶುರುವಾಗುವುದು ಹೊರಡುವ ದಿನವಲ್ಲ, ಅದಕ್ಕೆ ಐದು ತಿಂಗಳು ಮೊದಲು. ಯೊಸೆಮಿಟಿ ಕಣಿವೆಯ ಕ್ಯಾಂಪ್‌ಗ್ರೌಂಡುಗಳ ಬುಕಿಂಗ್ ತೆರೆಯುವುದು ತಿಂಗಳ 15ನೇ ತಾರೀಕು ಬೆಳಿಗ್ಗೆ 7 ಗಂಟೆಗೆ. ಬೇಸಿಗೆಯ ಜಾಗಗಳು ನಿಮಿಷಗಳಲ್ಲಿ ಖಾಲಿ. ಅವತ್ತು ಭಾವ ಆರಕ್ಕೇ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಮನೆಮಂದಿಯನ್ನೆಲ್ಲ ಒಂದೊಂದು ಲ್ಯಾಪ್‌ಟಾಪಿನ ಮುಂದೆ ಕೂರಿಸುತ್ತಾರೆ. ‘ತತ್ಕಾಲ್‌ನಲ್ಲಿ ದೀಪಾವಳಿಗೆ ಹುಬ್ಬಳ್ಳಿ ಟಿಕೆಟ್ ತೆಗೆದ ಕೈ ಇದು’ ಎಂದು ಬೆರಳು ನೆಟಿಗೆ ಮುರಿಯುತ್ತಾರೆ. ಏಳು ಹೊಡೆದು ಅರೆಗಳಿಗೆಯಲ್ಲಿ ಅಪ್ಪರ್ ಪೈನ್ಸ್‌ನಲ್ಲಿ ಜಾಗ ಸಿಕ್ಕರೆ ಪಾಯಸ. ಸಿಗದಿದ್ದರೆ ಮುಂದಿನ 15ರವರೆಗೆ ಆ ಮನೆಗೆ ಫೋನ್ ಮಾಡದಿರುವುದು ಕ್ಷೇಮ.

ಜಾಗ ಸಿಕ್ಕ ಮೇಲೆ ಎಕ್ಸೆಲ್ ಶೀಟು ಬರುತ್ತದೆ. ಅದರ ಹಿಂದೆಯೇ ಪೂರ್ವಭಾವಿ ಸಭೆ. ಕೋಡುಬಳೆ, ಕಾಫಿ, ಆಮೇಲೆ ‘ಲೀವ್ ನೋ ಟ್ರೇಸ್’ನ ಏಳು ಸೂತ್ರಗಳ ಪಾಠ. ಮಕ್ಕಳು ಏಳನ್ನೂ ಬಾಯಿಪಾಠ ಒಪ್ಪಿಸಬೇಕು. ದೊಡ್ಡವರಿಗೆ ನಾಲ್ಕಕ್ಕೆ ರಿಯಾಯಿತಿ. ಒಮ್ಮೆ ಗೆಳೆಯರೊಬ್ಬರು ದುಡ್ಡು ಉಳಿಸೋಣವೆಂದು ಹಿತ್ತಿಲಲ್ಲಿ ಕಡಿದ ಸೌದೆ ಕಟ್ಟಿಕೊಂಡು ಬಂದಿದ್ದರು. ಭಾವ ಅದನ್ನು ಬಾಗಿಲಲ್ಲೇ ತಡೆದರು. ‘ಸೌದೆಯ ಒಳಗೆ ಹುಳ ಇರುತ್ತೆ ಕಣ್ರೀ. ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ದುಂಬಿ ಹೀಗೇ ಊರಿಂದೂರಿಗೆ ಸವಾರಿ ಮಾಡಿ, ಈ ದೇಶದಲ್ಲಿ ಕೋಟ್ಯಂತರ ಆಶ್ ಮರ ಕೊಂದಿದೆ. ಎಲ್ಲಿ ಸುಡ್ತೀರೋ ಅಲ್ಲೇ ಸೌದೆ ಕೊಳ್ಳಿ.’ ಗೆಳೆಯರು ಸೌದೆಯನ್ನು ಮತ್ತೆ ಕಾರಿಗೆ ತುಂಬುವಾಗ ಭಾವ ಟಾರ್ಚು ಹಿಡಿದು ಒಂದೊಂದು ತುಂಡಿನ ತೊಗಟೆಯನ್ನೂ ಪರೀಕ್ಷಿಸಿದರು. ಹುಳ ಸಿಗಲಿಲ್ಲ. ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೇ ಕಂಡಿತು.

ಹೊರಟ ಮೇಲೆ ಕೆಲಸಗಳ ಹಂಚಿಕೆ. ಘಾಟಿಯಲ್ಲಿ ಹಿಂದೆ ಬರುವ ಗಾಡಿಗಳನ್ನು ಎಣಿಸುವುದು ಅಕ್ಕನ ಪಾಲು. ನಿಧಾನಕ್ಕೆ ಹೋಗುವ ವಾಹನದ ಹಿಂದೆ ಐದು ಗಾಡಿ ಸೇರಿದರೆ, ಜಾಗವಿರುವ ಕಡೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು ಎಂಬುದು ಕ್ಯಾಲಿಫೋರ್ನಿಯಾದ ಕಾನೂನು. ಅಕ್ಕ ಕನ್ನಡಿ ನೋಡುತ್ತಾ ‘ಮೂರು... ನಾಲ್ಕು... ರೀ, ಐದು’ ಅನ್ನುತ್ತಿದ್ದಂತೆ ಭಾವ ಬದಿಗೆ ಸರಿದು, ಮುಂದೆ ಹೋಗುವ ಪ್ರತಿ ಕಾರಿಗೂ ಮದುವೆಮನೆಯ ಬಾಗಿಲಲ್ಲಿ ನಿಂತ ಬೀಗರ ಹಾಗೆ ಕೈ ಬೀಸುತ್ತಾರೆ. ‘ಎಲ್ಲರೂ ಯೊಸೆಮಿಟಿ ದಾರಿ ಎಷ್ಟು ಚೆಂದ ಅಂತಾರೆ. ನಾನು ಅದನ್ನ ಬರೀ ಹಿಂದುಮುಂದಾಗಿ ನೋಡಿದ್ದೀನಪ್ಪ’ ಎಂದು ಅಕ್ಕ ನಮ್ಮ ಹತ್ತಿರ ಹೇಳಿಕೊಂಡಿದ್ದುಂಟು.

ಕಣಿವೆ ಸೇರಿದ ಮೇಲೆ ಕಾಲವೇ ಬೇರೆ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟಿನ ಪ್ಲಗ್ಗಿಲ್ಲ. ಜನರೇಟರ್ ಹಾಕಬಹುದಾದದ್ದು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಅದೂ ಹಿತಮಿತವಾಗಿ. ಹಾಗಾಗಿ ಚಟ್ನಿಗೂ ಮುಹೂರ್ತ. ‘ಎಂಟೂಮುಕ್ಕಾಲು! ಕಾಯಿ ತುರಿದಾಯ್ತಾ?’ ಎಂದು ಭಾವ ಕೂಗಿದರೆ ಎಲ್ಲರ ಎದೆಯೂ ಹಾರುತ್ತದೆ. ಒಂಬತ್ತರ ಮೇಲೆ ಮಿಕ್ಸಿ ತಿರುಗಿದರೆ ಪಕ್ಕದ ಸೈಟಿನ ಅಮೆರಿಕನ್ನನಿಗೆ ಹಕ್ಕಿಯ ದನಿ ಕೇಳಿಸುವುದಿಲ್ಲವಂತೆ. ಕಾಯಿ ಅರ್ಧ ರುಬ್ಬಿರುವಾಗ ಒಂಬತ್ತು ಹೊಡೆದರೆ ಅವತ್ತು ಇಡ್ಲಿಗೆ ಅರ್ಧ ಚಟ್ನಿ, ಅರ್ಧ ಕಾಯಿತುರಿ. ಹಕ್ಕಿಗಳು ಮಾತ್ರ ಚೆನ್ನಾಗಿ ಕೂಗುತ್ತವೆ.

ಒಂದು ಸಲ, ಆರು ತಿಂಗಳಿಗೆಂದು ತಿಪಟೂರಿನಿಂದ ಬಂದಿದ್ದ ಭಾವನ ಅತ್ತೆ-ಮಾವನವರೂ ಜೊತೆಗಿದ್ದರು. ಅತ್ತೆ ಅಕ್ಕಿಯನ್ನು ಎರಡನೇ ಸಲ ತೊಳೆಯಲು ನೀರು ಬಿಟ್ಟರೋ ಇಲ್ಲವೋ, ಭಾವ ಗೋಡೆಯ ಮೇಲಿನ ದೀಪಗಳನ್ನು ತೋರಿಸಿದರು. ‘ನೋಡಿ ಅತ್ತೆ, ಗ್ರೇ ಟ್ಯಾಂಕ್ ಆಗಲೇ ಮುಕ್ಕಾಲು. ಸಿಂಕಿನ ನೀರು ನೆಲಕ್ಕೆ ಬಿಡೋ ಹಾಗಿಲ್ಲ, ಅಲ್ಲೇ ತುಂಬುತ್ತೆ.’ ಅತ್ತೆ ನಲ್ಲಿ ನಿಲ್ಲಿಸಿದರು. ‘ನಮ್ಮೂರಲ್ಲಿ ನಾಲ್ಕು ದಿನಕ್ಕೊಂದು ಸಲ ನೀರು ಬಿಡೋ ಕಾಲದಲ್ಲೂ ಬರೋ ನೀರಿನ ಲೆಕ್ಕ ಇಟ್ಟಿದ್ದೆ ಅಳಿಯಂದಿರೇ. ಹೋಗೋ ನೀರಿಗೂ ಲೆಕ್ಕ ಇಡೋದು ನಿಮ್ಮ ಹತ್ತಿರವೇ ಕಲಿತದ್ದು.’

ಮಾವನವರು ಹುಡುಗರ ಜೊತೆ ಹೊರಗಿನ ಡೇರೆಯಲ್ಲಿ ಮಲಗುವ ಹುಮ್ಮಸ್ಸಿನಲ್ಲಿದ್ದರು. ಯೊಸೆಮಿಟಿಯ ಕರಡಿಗಳು ಕಾರಿನ ಬಾಗಿಲು ಕೀಳುವುದರಲ್ಲಿ ನಿಸ್ಸೀಮರು. ಡೇರೆಯವರು ವಾಸನೆ ಬರುವುದೆಲ್ಲವನ್ನೂ, ತಿಂಡಿಯಷ್ಟೇ ಅಲ್ಲ, ಸೋಪು ಪೇಸ್ಟುಗಳನ್ನೂ, ಸೈಟಿನಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಭಾವ ಬುಟ್ಟಿ ಹಿಡಿದು ವಸೂಲಿಗೆ ಬಂದರು. ಚಕ್ಕುಲಿ ಹೋಯಿತು, ಹಲ್ಲುಪುಡಿ ಹೋಯಿತು, ಕಡೆಗೆ ದಿಂಬಿನ ಕೆಳಗಿದ್ದ ಅಮೃತಾಂಜನದ ಶೀಷೆಯೂ ಹೋಯಿತು.

‘ರಾತ್ರಿ ತಲೆನೋವು ಬಂದರೆ?’ ಎಂದರು ಮಾವ.

‘ನನ್ನನ್ನ ಎಬ್ಬಿಸಿ ಮಾವ, ತಂದುಕೊಡ್ತೀನಿ.’

‘ನೀವು ಎದ್ದರೇ ಅಲ್ಲವೇ ಅದು ಬರೋದು’ ಎಂದು ಮಾವ ಹೊದಿಕೆ ಎಳೆದುಕೊಂಡರು.

ಆದರೆ ಭಾವನ ನಿಜವಾದ ವೈಭವ ನೋಡಬೇಕಾದರೆ ಹೊರಡುವ ದಿನ ಡಂಪ್ ಸ್ಟೇಷನ್ನಿಗೆ ಬರಬೇಕು. ಬೆಂಗಳೂರಿನ ಮನೆಯಲ್ಲಿ ಬಚ್ಚಲ ಜಾಲರಿ ಎತ್ತಲೂ ಆಳು ಕರೆಯುತ್ತಿದ್ದ ಮನುಷ್ಯ ಇಲ್ಲಿ ಮೊಳಕೈವರೆಗೆ ಗ್ಲೌಸು ಏರಿಸಿ, ದಪ್ಪ ಪೈಪನ್ನು ನೆಲದ ಬಾಯಿಗೆ ಕೂಡಿಸಿ, ಸುತ್ತ ನಿಂತವರಿಗೆ ಉಪದೇಶ ಕೊಡುತ್ತಾರೆ. ‘ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಸಿಂಕಿನದು. ಯಾಕೆ ಹೇಳಿ? ಎರಡನೇ ನೀರು ಪೈಪು ತೊಳೆದುಕೊಂಡು ಹೋಗಲಿ ಅಂತ.’ ಇದನ್ನವರು ಹೇಳುವುದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದವರಿಗೆ.

ಯೆಲ್ಲೋಸ್ಟೋನ್‌ಗೆ ಹೋದಾಗಲೂ ಇದೇ ಕಥೆ. 1872ರಲ್ಲಿ ಸ್ಥಾಪನೆಯಾದ, ಜಗತ್ತಿನ ಮೊದಲ ನ್ಯಾಷನಲ್ ಪಾರ್ಕ್ ಎಂದು ಹೆಸರಾದ ಜಾಗ. ಸುಮಾರು ಒಂದೂವರೆ ಗಂಟೆಗೊಮ್ಮೆ ಬಿಸಿನೀರು ಚಿಮ್ಮಿಸುವ ಓಲ್ಡ್ ಫೇತ್‌ಫುಲ್ ಬುಗ್ಗೆಯನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರೆ ಭಾವ ಅದಕ್ಕೆ ಬೆನ್ನು ಹಾಕಿ, ದೂರದಲ್ಲಿ ಮೇಯುತ್ತಿದ್ದ ಕಾಡೆಮ್ಮೆಯ ಕಡೆಗೆ ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ನಿಂತಿದ್ದರು. ಕಾಡೆಮ್ಮೆಯಿಂದ ಕನಿಷ್ಠ 25 ಗಜ, ಕರಡಿ-ತೋಳಗಳಿಂದ 100 ಗಜ ದೂರವಿರಬೇಕು ಎಂಬುದು ಅಲ್ಲಿಯ ನಿಯಮ. ಅಂದಾಜಿಗೊಂದು ಉಪಾಯವಿದೆ: ತೋಳು ಚಾಚಿ ಹೆಬ್ಬೆರಳು ಹಿಡಿದಾಗ ಪ್ರಾಣಿ ಅದರ ಹಿಂದೆ ಪೂರ್ತಿ ಮರೆಯಾಗಬೇಕು. ಕೊಂಬು ಇಣುಕಿದರೂ ನೀವು ಹತ್ತಿರ ಹೋದಿರೆಂದೇ ಅರ್ಥ. ಎದುರಿಗೆ ಬರುತ್ತಿದ್ದ ಟೆಕ್ಸಾಸಿನ ಕುಟುಂಬವೊಂದು ಇದನ್ನು ಶುಭಾಶಯವೆಂದು ತಿಳಿದು ನಕ್ಕು ತಾನೂ ಹೆಬ್ಬೆರಳು ಎತ್ತಿತು. ಭಾವನಿಗೆ ನಗಲು ಪುರುಸೊತ್ತಿರಲಿಲ್ಲ, ಕೊಂಬು ಇಣುಕುತ್ತಿತ್ತು.

ಬೇರೆಯವರು ಕಾಡಿಗೆ ಹೋಗಿಬಂದರೆ ಕಥೆಗಳು ಹೊರೆಗಟ್ಟಲೆ ಬರುತ್ತವೆ. ಒಬ್ಬರ ಕಾರನ್ನು ಕರಡಿ ಸೀಳಿತು, ಇನ್ನೊಬ್ಬರ ಆರ್‌ವಿಯ ನೆತ್ತಿ ಮರದ ಕೊಂಬೆಗೆ ತಗುಲಿ ಎಸಿ ಕಿತ್ತುಬಂತು, ಮತ್ತೊಬ್ಬರಿಗೆ ಸೈಟು ಸಿಗದೆ ಯಾವುದೋ ಅಂಗಡಿಯ ಪಾರ್ಕಿಂಗಿನಲ್ಲಿ ರಾತ್ರಿ ಕಳೆಯಿತು. ಭಾವನ ಪ್ರವಾಸದಿಂದ ಬಂದವರಿಗೆ ಹೇಳಲು ಭಾವನ ಕಥೆಯೊಂದೇ ಇರುತ್ತದೆ. ಕಾಡಿನಲ್ಲಿ ಏನೂ ಆಗಿರುವುದಿಲ್ಲ. ನಾವು ಬಂದು ಹೋದದ್ದು ಕರಡಿಗೂ ಗೊತ್ತಿಲ್ಲ, ಹೊಳೆಗೂ ಗೊತ್ತಿಲ್ಲ, ಪಕ್ಕದ ಸೈಟಿನವನಿಗೂ ಸರಿಯಾಗಿ ಗೊತ್ತಿಲ್ಲ. ಅಷ್ಟನ್ನು ಸಾಧಿಸಲು ಒಬ್ಬ ಮನುಷ್ಯ ಇಷ್ಟು ಗದ್ದಲ ಮಾಡಬೇಕಾಗುತ್ತದೆ ಎಂಬುದನ್ನು ನಾವು ನಂಬುತ್ತಿರಲಿಲ್ಲ. ಈಗ ಗೊಣಗುತ್ತಲೇ ಮುಂದಿನ ವರ್ಷಕ್ಕೂ ಹೆಸರು ಕೊಡುತ್ತೇವೆ.

ಮೊನ್ನೆ ಅಕ್ಕನಿಗೆ ಊರಿಂದ ಫೋನು. ಅತ್ತೆಯವರು ನೆಂಟರ ಜೊತೆ ವ್ಯಾನಿನಲ್ಲಿ ಊಟಿಗೆ ಹೊರಟಿದ್ದರಂತೆ. ಬಂಡೀಪುರದ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಆದರೂ ಬದಿಯಲ್ಲಿ ಆನೆ ಕಂಡೊಡನೆ ಹುಡುಗರು ಸೆಲ್ಫಿಗೆಂದು ನಿಲ್ಲಿಸಿ ಇಳಿಯಲು ಹೊರಟರು. ಅತ್ತೆ ಕಿಟಕಿಯೊಳಗಿಂದಲೇ ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಆನೆಗೆ ಹೆಬ್ಬೆರಳು ಹಿಡಿದರು. ‘ಮುಚ್ಚಲಿಲ್ಲ ಕಣ್ರೋ, ಕಿವಿ ಕಾಣ್ತಿದೆ. ಬಾಗಿಲು ಹಾಕಿ, ಗಾಡಿ ಬಿಡಿ’ ಎಂದು ಗದರಿದರಂತೆ. ಅವರ ದನಿಗೆ ಹೆದರಿ ಡ್ರೈವರ್ ಊಟಿಯವರೆಗೂ ನಿಲ್ಲಿಸದೆ ಹೋಗುವವನಂತೆ ಗೇರು ಹಾಕಿದನಂತೆ.

ಅಕ್ಕ ಇದನ್ನು ಹೇಳಿ ನಗುತ್ತಿದ್ದರೆ ನಾವೆಲ್ಲ ಭಾವನ ಮುಖ ನೋಡಿದೆವು. ಕಣ್ಣಲ್ಲಿ ನೀರು ಬಂದೀತೆಂದು ನಮ್ಮ ಎಣಿಕೆ.

ಭಾವ ಕೇಳಿದರು: ‘ತೋಳು ಪೂರ್ತಿ ನೀಡಿದ್ದರಂತಾ? ಮೊಳಕೈ ಮಡಚಿದ್ದರೆ ಲೆಕ್ಕ ತಪ್ಪುತ್ತೆ.’